ಹಳೇ ಬೈಕು, ಕರೆಂಟಿನ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಹಳೇ ಯೆಜ್ಡಿ ಇಟ್ಟುಕೊಂಡವನು ಗಾಡಿ ನಿಲ್ಲಿಸಿ ಸುಮ್ನೆ ಕಾಫಿ ಕುಡಿಯೋಕೆ ಆಗಲ್ಲ. ಯಾರಾದರೂ ಬಂದು ಟ್ಯಾಂಕ್ ಸವರುತ್ತಾರೆ. 'ನಮ್ಮಪ್ಪನ ಹತ್ರಾನೂ ಇತ್ತು' ಅಂತ ಶುರು ಮಾಡಿ, 'ಈಗ ಸ್ಟಾರ್ಟೇ ಆಗ್ತಿಲ್ಲ' ಅನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಇಳಿದ ಜಾವಾ, ಯೆಜ್ಡಿ ಗಾಡಿಗಳು ಇನ್ನೂ ನಮ್ಮ ಬೀದಿಗಳಲ್ಲಿ, ಮಂಡ್ಯದ ಕೊಟ್ಟಿಗೆಗಳಲ್ಲಿ ಇವೆ. ಹಾಗಾಗಿ ಪ್ರಶ್ನೆಗಳಿಗೇನೂ ಬರ ಇಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಒಂದೇ ಗಾಡಿಯನ್ನು ವರ್ಷಗಟ್ಟಲೆ ತಳ್ಳಿ, ಬೈದು, ಬಿಚ್ಚಿ ಕಲಿತದ್ದು ಇದು. ಟೀ ಅಂಗಡಿ ಮುಂದೆ, ಫೋನಿನಲ್ಲಿ, ಪತ್ರದಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿದ್ದೇನೆ. ಬುಲೆಟ್, ಚೇತಕ್, ಆರ್‌ಎಕ್ಸ್ ಇರುವವರಿಗೂ ಬಹುಪಾಲು ಹೊಂದುತ್ತದೆ.

## ಶುರುವಿಗೆ

ಎಲೆಕ್ಟ್ರಿಕಲ್ ಅಂದ್ರೇನೇ ತಲೆ ಕೆಡುತ್ತೆ ಸಾರ್. ಎಲ್ಲಿಂದ ಹಿಡ್ಕೊಳೋದು?

ಬ್ಯಾಟರಿಯಿಂದ. ಯಾವಾಗಲೂ ಬ್ಯಾಟರಿಯಿಂದ.

ಮಂಡ್ಯ ಕಡೆಯವರಿಗೆ ಇದನ್ನು ಹೇಳಿಕೊಡುವುದು ಸುಲಭ. ಬ್ಯಾಟರಿ ಅಂದರೆ ಕನ್ನಂಬಾಡಿ ಕಟ್ಟೆ. ವೈರು ನಾಲೆ. ಸ್ವಿಚ್ಚು ತೂಬು. ಬಲ್ಬು ಗದ್ದೆ. ಗದ್ದೆಗೆ ನೀರು ಬರಲಿಲ್ಲ ಅಂದರೆ ಗದ್ದೆಯನ್ನು ಅಗೆಯುತ್ತಾ ಕೂರುವುದಿಲ್ಲ. ನಾಲೆ ಹಿಡಿದು ಮೇಲಕ್ಕೆ ನಡೆದು, ಎಲ್ಲಿ ಒಡೆದಿದೆ, ಎಲ್ಲಿ ಹೂಳು ತುಂಬಿದೆ ಅಂತ ನೋಡುತ್ತೇವೆ ಅಲ್ವಾ? ಇಲ್ಲೂ ಅಷ್ಟೇ. ಒಂದೇ ವ್ಯತ್ಯಾಸ: ಇಲ್ಲಿ ಗದ್ದೆಗೆ ಹೋದ ನೀರು ಅಷ್ಟೂ ವಾಪಸ್ ಕಟ್ಟೆಗೆ ಬರಬೇಕು. ಬರುವ ಆ ದಾರಿಯ ಹೆಸರೇ ಅರ್ತ್. ಅದು ಗಾಡಿಯ ಚಾಸಿ, ಎಂಜಿನ್ ಮೂಲಕ ಹಾದು ಬರುತ್ತದೆ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಬರುವ ದಾರಿಯನ್ನು ಯಾರೂ ನೋಡುವುದಿಲ್ಲ. ನನ್ನ ಅನುಭವದಲ್ಲಿ ಹಳೇ ಗಾಡಿಯ ಅರ್ಧಕ್ಕಿಂತ ಜಾಸ್ತಿ ಕಾಟ ಇರುವುದು ಅಲ್ಲೇ. ಇಲ್ಲದಿದ್ದರೆ ಎರಡು ವೈರು ಸೇರುವ ಜಾಗದಲ್ಲಿ. ಸಾಮಾನು ಕೆಟ್ಟಿರುವುದು ಕಡಿಮೆ.

ಮನೇಲಿ ಏನೇನು ಸಾಮಾನು ಇಟ್ಕೊಂಡಿರಬೇಕು?

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. ಒಂದು ಟೆಸ್ಟ್ ಲ್ಯಾಂಪ್. ಇದನ್ನು ದುಡ್ಡು ಕೊಟ್ಟು ತರಬೇಡಿ, ಇಂಡಿಕೇಟರ್ ಬಲ್ಬ್ ಹೋಲ್ಡರಿಗೆ ಎರಡು ಉದ್ದ ವೈರು, ತುದಿಗೆ ಮೊಸಳೆ ಕ್ಲಿಪ್ ಹಾಕಿದರೆ ಆಯಿತು. ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಸೊನ್ನೆ ನಂಬರ್ ಮರಳು ಕಾಗದ, ನಾಲ್ಕಾರು ಫ್ಯೂಸು. ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಉಂಗುರ, ಲೋಹದ ವಾಚ್ ಪಟ್ಟಿ ಕಳಚಿಡಿ.

ಮೀಟರ್ ಇದ್ದರೂ ಟೆಸ್ಟ್ ಲ್ಯಾಂಪ್ ಬೇಕು. ಒಂದೇ ಎಳೆ ತಾಮ್ರ ಉಳಿದಿರುವ ವೈರಿನಲ್ಲೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸಿ ಮೋಸ ಮಾಡುತ್ತದೆ. ಬಲ್ಬು ಕರೆಂಟು ಎಳೆಯುತ್ತದೆ, ಹಾಗಾಗಿ ಸುಳ್ಳು ಹೇಳುವುದಿಲ್ಲ.

ತಾತನ ಗಾಡಿ. 6 ವೋಲ್ಟಾ 12 ವೋಲ್ಟಾ ಅನ್ನೋದೇ ನಂಗೆ ಗೊತ್ತಿಲ್ಲ. ಹೇಗೆ ನೋಡೋದು?

ಬ್ಯಾಟರಿ ಮೇಲೆ ನೀರು ಹಾಕುವ ಮುಚ್ಚಳ ಎಣಿಸಿ. ಮೂರಿದ್ದರೆ 6 ವೋಲ್ಟ್, ಆರಿದ್ದರೆ 12. ಒಂದೊಂದು ಸೆಲ್ಲಿಗೆ ಸುಮಾರು 2 ವೋಲ್ಟ್ ಲೆಕ್ಕ. ಆಮೇಲೆ ಬಲ್ಬುಗಳ ಹಿತ್ತಾಳೆ ಬುಡದಲ್ಲಿ ಬರೆದಿರುವುದನ್ನು ಓದಿ. ನಡುವೆ ಇದ್ದ ಯಾರೋ ಓನರ್ 6 ವೋಲ್ಟ್ ಗಾಡಿಗೆ 12 ವೋಲ್ಟ್ ಬಲ್ಬ್ ಹಾಕಿರುವುದು ಅಪರೂಪವೇನಲ್ಲ. ಆಗ ಬೆಳಕು ಕೆಂಡದ ಹಾಗೆ ಇರುತ್ತದೆ, ಜನ ಕರೆಂಟು ಹುಟ್ಟಿಸುವ ಡೈನಮೋ ಬೈಯುತ್ತಾರೆ.

ಬ್ಯಾಟರಿಯ ಯಾವ ಕಡ್ಡಿ ಚಾಸಿಗೆ ಹೋಗಿದೆ ಅಂತಲೂ ನೋಡಿಕೊಳ್ಳಿ. ಜಾವಾ, ಯೆಜ್ಡಿಗಳಲ್ಲಿ ನೆಗೆಟಿವ್. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುವುದುಂಟು. ಅದು ಗೊತ್ತಿಲ್ಲದೆ ತಿರುವುಮುರುವಾಗಿ ಜೋಡಿಸಿದರೆ ರೆಕ್ಟಿಫೈಯರ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು) ಇರುವ ಗಾಡಿಯಲ್ಲಿ ಅದು ಹೋಯಿತು ಅಂತಲೇ.

ಬ್ಯಾಟರಿ ಇಲ್ದೇನೇ ಗಾಡಿ ಓಡುತ್ತಾ? ನಮ್ಮ ಭಾವನ ಚೇತಕ್ ಓಡ್ತಿತ್ತಲ್ಲ?

ಅದು ಮ್ಯಾಗ್ನೆಟೋ ಗಾಡಿ. ಸ್ಪಾರ್ಕಿಗೆ ಬೇಕಾದ ಕರೆಂಟನ್ನು ಎಂಜಿನ್ನಿನ ಜೊತೆ ತಿರುಗುವ ಚಕ್ರದೊಳಗಿನ ಅಯಸ್ಕಾಂತವೇ ಹುಟ್ಟಿಸುತ್ತದೆ. ಡೈನಮೋ ಇರುವ ಜಾವಾ, ಯೆಜ್ಡಿ, ಪಾಯಿಂಟ್ (ಎಂಜಿನ್ ತಿರುಗಿದಂತೆ ತೆರೆದು ಮುಚ್ಚಿ ಸ್ಪಾರ್ಕ್ ಹುಟ್ಟಿಸುವ ಸಣ್ಣ ಸ್ವಿಚ್ಚು) ಇರುವ ಹಳೇ ಬುಲೆಟ್ ಹಾಗಲ್ಲ. ಸ್ಪಾರ್ಕ್ ಬರುವುದು ಬ್ಯಾಟರಿಯಿಂದ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಿಕ್ ಹೊಡೆದು ಕಾಲು ನೋಯಿಸಿಕೊಳ್ಳುವುದರಲ್ಲಿ ಅರ್ಥ ಇಲ್ಲ. ಮುಂದೆ ಓದುವಾಗ ಈ ಎರಡು ಜಾತಿ ನೆನಪಿರಲಿ.

## ಬ್ಯಾಟರಿ

ಬ್ಯಾಟರಿ ಹೋಗಿದೆಯೋ, ಬರೀ ಚಾರ್ಜ್ ಇಳಿದಿದೆಯೋ?

ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. 6 ವೋಲ್ಟಿನದಾದರೆ ಸುಮಾರು 6.3, 12ರದಾದರೆ 12.6 ಇರಬೇಕು. 6.0 ಅಥವಾ 12.0 ಅಂದರೆ ನೋಡೋಕೆ ಸರಿಯಾದ ನಂಬರು ಅನ್ನಿಸುತ್ತದೆ, ಆದರೆ ಅದು ಹೆಚ್ಚುಕಡಿಮೆ ಖಾಲಿ ಬ್ಯಾಟರಿ.

ಈಗ ಹೆಡ್‌ಲೈಟ್ ಹಾಕಿ ಮೀಟರ್ ನೋಡುತ್ತಾ ನಿಲ್ಲಿ. ಸ್ವಲ್ಪ ಇಳಿದು ನಿಂತರೆ ಚಿಂತೆ ಇಲ್ಲ. ನೋಡನೋಡುತ್ತಾ ಜಾರುತ್ತಲೇ ಹೋದರೆ ಹೊಸದು ತರಬೇಕು. 4 ವೋಲ್ಟಿನ ಹತ್ತಿರ ಅಥವಾ 10.5ರ ಹತ್ತಿರ ಅಂಟಿಕೊಂಡಿದ್ದರೆ ಒಂದು ಸೆಲ್ ಸತ್ತಿದೆ ಅಂತ.

ಆರು ತಿಂಗಳು ನಿಲ್ಸಿದ್ದೆ. ಚಾರ್ಜ್ ಹಾಕಿದ್ರೆ ಬರುತ್ತಾ?

ಬಂದರೂ ಬರಬಹುದು. ಬ್ಯಾಟರಿ ಮೇಲೆ ಎಷ್ಟು ಆಂಪಿಯರ್ ಅವರ್ ಅಂತ ಬರೆದಿದೆಯೋ ಅದರ ಹತ್ತನೇ ಒಂದು ಭಾಗದಲ್ಲಿ ನಿಧಾನಕ್ಕೆ ಚಾರ್ಜ್ ಮಾಡಿ. 12 ಇದ್ದರೆ 1.2 ಆಂಪಿಯರ್, ಹತ್ತು ಹನ್ನೆರಡು ಗಂಟೆ. 6 ವೋಲ್ಟ್ ಬ್ಯಾಟರಿಯನ್ನು 12ರ ಚಾರ್ಜರಿಗೆ ಹಾಕಬೇಡಿ. ಗಾಳಿಯಾಡುವ ಕಡೆ ಇಡಿ. ಚಾರ್ಜ್ ಆಗುವಾಗ ಬರುವ ಗ್ಯಾಸಿಗೆ ಬೆಂಕಿ ಹತ್ತುತ್ತದೆ. ಕಡ್ಡಿಗಳ ಮೇಲೆ ಬೂಷ್ಟಿನ ಹಾಗೆ ಬಿಳಿ, ಹಸಿರು ಪುಡಿ ಕೂತಿದ್ದರೆ ಅಡುಗೆ ಸೋಡಾ ನೀರು ಸವರಿ ತೊಳೆದು, ಒಣಗಿಸಿ, ವ್ಯಾಸಲೀನ್ ಹಚ್ಚಿ. ಸೋಡಾ ನೀರು ಮುಚ್ಚಳದೊಳಗೆ ಹೋಗದ ಹಾಗೆ ನೋಡಿಕೊಳ್ಳಿ.

ಬೋರ್ ನೀರು ಹಾಕಬಹುದಾ? ಕಾಯಿಸಿ ಆರಿಸಿದ್ದು?

ಬೇಡ. ಕಾಯಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನೂ ಗಟ್ಟಿ ಆಗುತ್ತದೆ. ಪೆಟ್ರೋಲ್ ಬಂಕಿನಲ್ಲೇ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ.

## ಸ್ಟಾರ್ಟ್ ಆಗದಿದ್ದಾಗ

ಕಿಕ್ ಹೊಡೆದೂ ಹೊಡೆದೂ ಸಾಕಾಯ್ತು. ಸ್ಪಾರ್ಕ್ ಇದೆಯಾ ಅಂತ ನೋಡೋದು ಹೇಗೆ?

ಪೆಟ್ರೋಲ್ ಕಾಕ್ ಬಂದ್ ಮಾಡಿ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ ಹೆಡ್ಡಿಗೆ ತಾಗುವ ಹಾಗೆ ಇಡಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಹಬೆ ಬರುತ್ತದೆ. ನೆರಳಲ್ಲಿ ನಿಂತು ಕಿಕ್ ಹೊಡೆಯಿರಿ, ಬಿಸಿಲಲ್ಲಿ ಕಾಣುವುದಿಲ್ಲ. ನೀಲಿ ಬಿಳಿ ಬಣ್ಣ, ಚಟ್ ಅನ್ನುವ ಸದ್ದು ಬಂದರೆ ಕರೆಂಟಿನ ಕಡೆ ಸರಿ ಇದೆ, ಕಾರ್ಬೊರೇಟರ್ ನೋಡಿ. ತೆಳ್ಳಗೆ, ಹಳದಿ ಕೆಂಪು ಬಣ್ಣಕ್ಕೆ ಬಂದರೆ ಗಾಡಿ ಒಂದು ದಿನ ಸ್ಟಾರ್ಟ್ ಆಗಿ ಇನ್ನೊಂದು ದಿನ ಮುನಿಸಿಕೊಳ್ಳುತ್ತದೆ.

ಸಿಡಿಐ ಗಾಡಿಯಲ್ಲಿ, ಅಂದರೆ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಡಬ್ಬಿ ಇರುವುದರಲ್ಲಿ, ಪ್ಲಗ್ಗನ್ನು ಎಲ್ಲೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯಬೇಡಿ. ಒಳಗಿನ ಡಬ್ಬಿ ಹಾಳಾಗಬಹುದು.

ಸ್ಪಾರ್ಕ್ ಇಲ್ವೇ ಇಲ್ಲ. ಕಾಯಿಲ್ ತಂದ್ಬಿಡ್ಲಾ?

ತಡೆಯಿರಿ. ಕಾಯಿಲ್ ಅಂದರೆ ಬ್ಯಾಟರಿಯ ಸಣ್ಣ ವೋಲ್ಟೇಜನ್ನು ಸ್ಪಾರ್ಕಿಗೆ ಬೇಕಾದಷ್ಟು ಏರಿಸುವ ಸಾಮಾನು. ಅದನ್ನು ತರುವ ಮುಂಚೆ ಹತ್ತು ನಿಮಿಷದ ಕೆಲಸ ಇದೆ. ಇದು ಬ್ಯಾಟರಿ, ಪಾಯಿಂಟ್ ಇರುವ ಗಾಡಿಗೆ.

ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಎಂಜಿನ್ನಿನ ಬರೀ ಲೋಹಕ್ಕೆ ಕಚ್ಚಿಸಿ. ಕೀ ಆನ್ ಮಾಡಿ. ಇನ್ನೊಂದು ತುದಿಯನ್ನು ಕಾಯಿಲಿಗೆ ಸ್ವಿಚ್ಚಿನಿಂದ ವೈರು ಬರುವ ಕಡೆ ಹಿಡಿಯಿರಿ. ಬಲ್ಬು ಉರಿಯಬೇಕು. ಉರಿಯದಿದ್ದರೆ ಕಾಯಿಲಿನ ತಪ್ಪಲ್ಲ. ಫ್ಯೂಸ್, ಕೀ ಸ್ವಿಚ್, ಮಧ್ಯದ ವೈರು ನೋಡಿ.

ಉರಿಯಿತಾ? ಈಗ ಕಾಯಿಲಿನ ಇನ್ನೊಂದು ಕಡ್ಡಿಗೆ, ಅಂದರೆ ಪಾಯಿಂಟಿಗೆ ವೈರು ಹೋಗುವ ಕಡೆಗೆ ಹಿಡಿದು, ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಿ. ಪಾಯಿಂಟ್ ಮುಚ್ಚಿದಾಗ ಬಲ್ಬು ಆರಬೇಕು, ತೆರೆದಾಗ ಉರಿಯಬೇಕು. ಆರಿ ಹತ್ತಿ ಆಗುತ್ತಿದ್ದರೆ ಇಲ್ಲಿಯವರೆಗೂ ದಾರಿ ಸರಿ. ಪ್ಲಗ್ಗಿಗೆ ಹೋಗುವ ಕಾಯಿಲಿನ ಹೈ ಟೆನ್ಷನ್ ಕಡೆ, ಪ್ಲಗ್ ವೈರು, ಕ್ಯಾಪ್, ಪಾಯಿಂಟಿನಲ್ಲಿ ಕಿಡಿ ತಡೆಯುವ ಕಂಡೆನ್ಸರ್ ಉಳಿಯಿತು. ಯಾವಾಗಲೂ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಮುಖದ ಮೇಲೆ ಎಣ್ಣೆ, ಮಸಿ ಕೂತಿದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಮೊದಲ ಅನುಮಾನ ಇದರ ಮೇಲೇ. ವಿಸಿಟಿಂಗ್ ಕಾರ್ಡನ್ನು ಪೆಟ್ರೋಲಿನಲ್ಲಿ ಅದ್ದಿ, ಎರಡು ಮುಖದ ಮಧ್ಯೆ ಇಟ್ಟು ಎಳೆದರೆ ಸಾಕು. ಮದುವೆ ಕಾಗದದ ಹೊಳೆಯುವ ತುಂಡು ಬೇಡ, ಬಣ್ಣ ಬಿಡುತ್ತದೆ.

ಯಾವಾಗಲೂ ಆರಿಯೇ ಇದ್ದರೆ ಪಾಯಿಂಟಿಗೆ ಹೋಗುವ ವೈರನ್ನು ಕಾಯಿಲಿನಿಂದ ಕಳಚಿ. ಈಗ ಬಲ್ಬು ಹತ್ತಿತು ಅಂದರೆ ಕಾಯಿಲ್ ಸರಿ, ಕೆಳಗೆ ಎಲ್ಲೋ ಗಾಡಿಯ ಲೋಹದ ಬಾಡಿಗೆ ತಾಗಿದೆ: ಕಂಡೆನ್ಸರ್ ಶಾರ್ಟ್, ಅಥವಾ ಪಾಯಿಂಟ್ ಬಳಿ ವೈರಿನ ಚರ್ಮ ಸುಲಿದಿದೆ. ಕಳಚಿದ ಮೇಲೂ ಹತ್ತಲಿಲ್ಲ ಅಂದರೆ ಈಗ ಧಾರಾಳವಾಗಿ ಕಾಯಿಲ್ ತನ್ನಿ.

ಪರೀಕ್ಷೆ ಮುಗಿದ ತಕ್ಷಣ ಕೀ ಆಫ್ ಮಾಡಿ. ಪಾಯಿಂಟ್ ಮುಚ್ಚಿದ್ದು ಕೀ ಆನ್ ಇದ್ದರೆ ಕಾಯಿಲ್ ಕಾದು ಸಾಯುತ್ತದೆ.

ನಂದು ಮ್ಯಾಗ್ನೆಟೋ ಗಾಡಿ. ಅದಕ್ಕೆ?

ಅದರಲ್ಲಿ ಆಫ್ ಮಾಡುವುದು ಅಂದರೆ ಸ್ಪಾರ್ಕಿನ ಕರೆಂಟನ್ನು ಬಾಡಿಗೆ ತಾಗಿಸುವುದು. ಕೀ ಸ್ವಿಚ್ ಒಳಗೆ ನೀರು ಹೋಗಿ ತಾನೇ ತಾಗಿಕೊಂಡರೂ ಗಾಡಿ ಸತ್ತ ಹಾಗೇ. ಆಫ್ ಮಾಡುವ ವೈರನ್ನು ಕಾಯಿಲ್ ಅಥವಾ ಸಿಡಿಐ ಹತ್ತಿರ ಕಳಚಿ ಕಿಕ್ ಹೊಡೆಯಿರಿ. ಸ್ಪಾರ್ಕ್ ಬಂದರೆ ಸ್ವಿಚ್ಚಿನದೇ ತಪ್ಪು.

ಪಾಯಿಂಟ್ ಗ್ಯಾಪ್ ಎಷ್ಟಿಡಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಜಾವಾ, ಯೆಜ್ಡಿಗೆ ನಾನು ಇಡುವುದು 0.4 ಮಿಲಿಮೀಟರ್, ಪ್ಲಗ್ಗಿಗೆ 0.6. ಪಾಯಿಂಟ್ ಪೂರ್ತಿ ತೆರೆದಿರುವ ಜಾಗದಲ್ಲಿ ಅಳೆಯಬೇಕು. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಗಳಿಗೆ. ಗ್ಯಾಪ್ ಜಾಸ್ತಿ ಮಾಡಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹೊಸ ಪಾಯಿಂಟ್ ಹಾಕಿದ್ರೆ ಒಂದೇ ತಿಂಗಳಿಗೆ ಸುಟ್ಟು ಗುಳಿ ಬೀಳುತ್ತೆ. ಮಾಲೇ ಸರಿ ಇಲ್ವಾ?

ಕಂಡೆನ್ಸರ್ ನೋಡಿ. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರದಂತೆ ತಡೆಯುವುದು ಅದರ ಕೆಲಸ. ಕತ್ತಲಲ್ಲಿ ಕವರ್ ತೆಗೆದು ನೋಡಿದಾಗ ಪಾಯಿಂಟಿನಲ್ಲಿ ದಪ್ಪ ನೀಲಿ ಕಿಡಿ ಪಟಪಟ ಹಾರುತ್ತಿದ್ದರೆ ಕಂಡೆನ್ಸರ್ ಮುಗಿದಿದೆ. ಪ್ಲಗ್ಗಿನ ಸ್ಪಾರ್ಕೂ ಸಪ್ಪಗಿರುತ್ತದೆ. ಕಂಡೆನ್ಸರಿನ ಮೈ ಬಾಡಿಗೆ ಬಿಗಿಯಾಗಿ ತಾಗದಿದ್ದರೂ ಇದೇ ಕಥೆ, ಅದಕ್ಕೇ ಮೊದಲು ಸ್ಕ್ರೂ ಬಿಗಿ ಮಾಡಿ ನೋಡಿ.

ತಣ್ಣಗಿದ್ದಾಗ ಚೆನ್ನಾಗಿ ಓಡುತ್ತೆ. ಬೆಟ್ಟ ಹತ್ತೋವಾಗ ನಿಂತ್ಹೋಗುತ್ತೆ. ಹತ್ತು ನಿಮಿಷ ಬಿಟ್ರೆ ಮತ್ತೆ ಸ್ಟಾರ್ಟ್. ಏನ್ ಕಾಯಿಲೆ ಇದು?

ಈ ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ನನ್ನ ಗಾಡಿ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆ ತಿರುಗುವ ರಸ್ತೆಯ ಹತ್ತಿರ, ಹೇಳಿಮಾಡಿಸಿದ ಹಾಗೆ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ಚುರುಮುರಿ ತಿಂದು ಬಂದರೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಎರಡು ತಿಂಗಳು ಕಾರ್ಬೊರೇಟರ್ ಬಿಚ್ಚಿ ತೊಳೆದದ್ದೇ ತೊಳೆದದ್ದು. ತಪ್ಪು ನನ್ನದು. ನಿಂತ ತಕ್ಷಣ ಸ್ಪಾರ್ಕ್ ನೋಡಬೇಕಿತ್ತು, ನಾನು ಪ್ರತಿ ಸಲ ಗಾಡಿ ತಣ್ಣಗಾದ ಮೇಲೆ ನೋಡುತ್ತಿದ್ದೆ. ತಣ್ಣಗಾದ ಮೇಲೆ ಎಲ್ಲವೂ ಸರಿಯೇ.

ಕಾದಾಗ ಮಾತ್ರ ಕೈ ಕೊಡುವುದು ಕಾಯಿಲ್, ಕಂಡೆನ್ಸರ್. ಬಿಸಿಗೆ ಕಾಯಿಲಿನೊಳಗಿನ ಸಣ್ಣ ಬಿರುಕು ಅಗಲವಾಗುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ನಿಂತ ಕೂಡಲೇ, ಹೆಲ್ಮೆಟ್ ತೆಗೆಯುವ ಮುಂಚೆ, ಕ್ಯಾಪಿಗೆ ಆ ಬೇರೆ ಪ್ಲಗ್ ಸಿಕ್ಕಿಸಿ ನೋಡಿ. ಸ್ಪಾರ್ಕ್ ಸತ್ತಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಅದು ಅಗ್ಗ. ಆಮೇಲೂ ನಿಂತರೆ ಕಾಯಿಲ್. ಸ್ಪಾರ್ಕ್ ಜೋರಾಗೇ ಇದ್ದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಹೋಗಿ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಅದಕ್ಕೂ ಕರೆಂಟಿಗೂ ಸಂಬಂಧ ಇಲ್ಲ.

ಮಳೆ ಬಂದ್ರೆ, ಇಲ್ಲಾ ವಾಟರ್ ಸರ್ವಿಸ್ ಮಾಡಿಸಿದ್ರೆ ಸ್ಟಾರ್ಟ್ ಆಗಲ್ಲ.

ರಾತ್ರಿ ಕತ್ತಲಲ್ಲಿ ನಿಲ್ಲಿಸಿ, ಪ್ಲಗ್ ವೈರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಎಂಜಿನ್ ಓಡಿಸಿ ನೋಡಿ. ವೈರು ಬಿರಿದಿರುವ ಜಾಗದಲ್ಲಿ ಮಿಣುಕು ಹುಳದ ಹಾಗೆ ನೀಲಿ ಕಿಡಿ ಕಾಣುತ್ತದೆ. ಮುಟ್ಟಬೇಡಿ, ಶಾಕ್ ಜೋರಾಗಿಯೇ ಇರುತ್ತದೆ. ವೈರು, ಕ್ಯಾಪ್ ಎರಡೂ ಹೊಸದು ಹಾಕಿ.

## ಅರ್ತ್

ಪೂರ್ತಿ ಬಿಚ್ಚಿ ಪೌಡರ್ ಕೋಟಿಂಗ್ ಮಾಡ್ಸಿ, ಹೊಸ ವೈರಿಂಗ್ ಕಿಟ್ ಹಾಕ್ಸಿದೀನಿ. ಮೊದಲಿಗಿಂತ ಈಗ್ಲೇ ಹಾಳಾಗಿದೆ. ಯಾಕಣ್ಣ?

ಗಾಡಿ ಮದುಮಗನ ಹಾಗೆ ರೆಡಿ ಆಗಿದೆ, ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಬ್ರೇಕ್ ಹಿಡಿದರೆ ಹೆಡ್‌ಲೈಟ್ ಮಂಕಾಗುತ್ತದೆ. ಹೀಗೇ ತಾನೆ? ಒಂದು ಒತ್ತಿದರೆ ಇನ್ನೊಂದು ಕುಣಿಯುವುದು ಅರ್ತ್ ಇಲ್ಲದ್ದರ ಗುರುತು. ವಾಪಸ್ ಹೋಗುವ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ಹೋಗುತ್ತಿದೆ.

ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ಕಿನ ಪದರ. ಕರೆಂಟು ಹಾಯುವುದಿಲ್ಲ. ಫ್ಯಾಕ್ಟರಿಯಿಂದ ಬಂದಾಗ ಬೋಲ್ಟ್ ಕೂರುವ ಕಡೆ ಬರೀ ಕಬ್ಬಿಣ ಇತ್ತು, ಈಗ ಅಲ್ಲೂ ಥಳಥಳ ಬಣ್ಣ. ನಾನೂ ಇದೇ ಮಾಡಿದ್ದೆ. ಹೊಸ ಬಣ್ಣ ಕೆರೆಯೋಕೆ ಮನಸ್ಸು ಬಾರದೆ ಒಂದು ವಾರ ಬೇರೆಲ್ಲ ಹುಡುಕಿದೆ. ಕೊನೆಗೆ ನಮ್ಮ ಕಡೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಮಾತೇ ಆಡದೆ ಸ್ಕ್ರೂಡ್ರೈವರ್ ತೆಗೆದುಕೊಂಡು ಬ್ಯಾಟರಿ ವೈರು ಕೂರುವ ಜಾಗದಲ್ಲಿ ಕರಕರ ಅಂತ ಒಂದು ರೂಪಾಯಿ ಅಗಲ ಕೆರೆದರು. ಎದೆ ಧಸಕ್ ಅಂದಿತು. ಹೆಡ್‌ಲೈಟ್ ಪಟ್ ಅಂತ ಬೆಳ್ಳಗಾಯಿತು.

ಊಹೆ ಬೇಡ, ಅಳೆಯಿರಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಲೋಹದ ಮೇಲೆ. ಹೆಡ್‌ಲೈಟ್ ಹಾಕಿ, ಹಾರ್ನ್ ಒತ್ತಿ. 0.2 ವೋಲ್ಟಿಗಿಂತ ಕಡಿಮೆ ಇದ್ದರೆ ಒಳ್ಳೆಯದು. ಅರ್ಧ ವೋಲ್ಟ್ ತೋರಿಸಿದರೆ ಅರ್ತ್ ಹಾಳು. ಆಮೇಲೆ ಹೆಡ್‌ಲೈಟ್ ಬಟ್ಟಲು, ಟೈಲ್ ಲ್ಯಾಂಪ್, ಹ್ಯಾಂಡಲ್‌ಗೂ ಇದೇ ಥರ ಹಿಡಿದು ನೋಡಿ. ಹ್ಯಾಂಡಲ್‌ನ ಅರ್ತ್ ತುಂಬಾ ಸಲ ಕುತ್ತಿಗೆಯ ಬಾಲ್ ಬೇರಿಂಗ್ ಮೂಲಕ ಬರುತ್ತಿರುತ್ತದೆ, ಅಲ್ಲಿರುವುದು ಗ್ರೀಸ್. ಇನ್ನೇನಾಗುತ್ತದೆ?

ನನ್ನ ಸಲಹೆ: ಬಣ್ಣ ಕೆರೆಯೋಕೆ ಇಷ್ಟ ಇಲ್ಲದಿದ್ದರೆ ಬ್ಯಾಟರಿ ನೆಗೆಟಿವ್‌ನಿಂದ ಒಂದು ದಪ್ಪ ಕಪ್ಪು ವೈರು ಎಂಜಿನ್ನಿಗೆ, ಒಂದು ಹೆಡ್‌ಲೈಟಿಗೆ, ಒಂದು ಟೈಲ್ ಲ್ಯಾಂಪಿಗೆ ಪ್ರತ್ಯೇಕವಾಗಿ ಎಳೆಯಿರಿ. ಬೋಲ್ಟಿನ ಕೆಳಗೆ ಹಲ್ಲಿನ ವಾಷರ್ ಹಾಕಿ. ವೈರಿನ ಖರ್ಚು ಜುಜುಬಿ.

## ಲೈಟು, ಹಾರ್ನು

ಹೆಡ್‌ಲೈಟ್ ಮೊಂಬತ್ತಿ ಥರ ಇದೆ. 6 ವೋಲ್ಟಿನ ಹಣೆಬರಹ ಇಷ್ಟೇನಾ?

ಇಷ್ಟೇ ಅಲ್ಲ. ಲೆಕ್ಕ ನೋಡಿ. 35 ವ್ಯಾಟ್ ಬಲ್ಬು 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ, 12ರಲ್ಲಿ ಅದರ ಅರ್ಧ. ಕಪ್ಪಾದ ಡಿಪ್ ಸ್ವಿಚ್ಚಿನಲ್ಲಿ ಬರೀ 0.1 ಓಮ್ ತಡೆ ಇದೆ ಅಂದುಕೊಳ್ಳಿ. 12 ವೋಲ್ಟ್ ಗಾಡಿಯಲ್ಲಿ 0.3 ವೋಲ್ಟ್ ಹೋಗುತ್ತದೆ, ಗೊತ್ತೂ ಆಗುವುದಿಲ್ಲ. 6 ವೋಲ್ಟ್ ಗಾಡಿಯಲ್ಲಿ 0.6 ಹೋಗುತ್ತದೆ, ಅಂದರೆ ಹತ್ತನೇ ಒಂದು ಭಾಗ. ತಂತಿ ಬಲ್ಬಿನಲ್ಲಿ ವೋಲ್ಟೇಜ್ ನೂರಕ್ಕೆ ಹತ್ತು ಪಾಲು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಪಾಲು ಇಳಿಯುತ್ತದೆ. ಹೀಗಿರುವಾಗ ಸ್ವಿಚ್ಚು, ಸಾಕೆಟ್ಟು, ಫ್ಯೂಸ್ ಕ್ಲಿಪ್ಪು, ಅರ್ತ್ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಕಳೆದುಕೊಂಡರೆ ಮೊಂಬತ್ತಿಯೇ ಗತಿ.

ಅದಕ್ಕೇ 6 ವೋಲ್ಟ್ ಗಾಡಿಗೆ ಶುಚಿ ಜಾಸ್ತಿ ಬೇಕು. ಎಲ್ಲ ಕಡ್ಡಿ ಮರಳು ಕಾಗದದಲ್ಲಿ ಉಜ್ಜಿ. ರಿಫ್ಲೆಕ್ಟರ್ ಮಸುಕಾಗಿದ್ದರೆ ಬದಲಿಸಿ. 2023ರ ಆಗಸ್ಟಿನಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕುಗಳಿಗೆ ಪ್ರವೇಶ ಇಲ್ಲ. ರಾತ್ರಿ ಸರ್ವಿಸ್ ರಸ್ತೆಯಲ್ಲಿ ಎದುರಿಗೆ ದೀಪವೇ ಇಲ್ಲದ ಕಬ್ಬಿನ ಗಾಡಿ ಬರುವಾಗ ಈ ಮೂವತ್ತು ಪಾಲು ಬೆಳಕಿನ ಬೆಲೆ ಗೊತ್ತಾಗುತ್ತದೆ.

ಟೈಲ್ ಲ್ಯಾಂಪ್ ಹೋದ ಹಿಂದೇನೇ ಹೆಡ್‌ಲೈಟ್ ಬಲ್ಬೂ ಹೋಗುತ್ತೆ. ದೃಷ್ಟಿ ಬಿದ್ದಿದೆಯಾ?

ಹಳೇ ಮ್ಯಾಗ್ನೆಟೋ ಸ್ಕೂಟರುಗಳಲ್ಲಿ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಇರುವುದಿಲ್ಲ. ಎಲ್ಲ ಬಲ್ಬು ಸೇರಿ ಕರೆಂಟು ಹಂಚಿಕೊಳ್ಳುತ್ತವೆ. ಒಂದು ಸತ್ತರೆ ಅದರ ಪಾಲೂ ಉಳಿದವುಗಳ ತಲೆಗೆ ಬರುತ್ತದೆ. ಜೋರಾಗಿ ಓಡಿಸಿದರೆ ಅವೂ ಸುಡುತ್ತವೆ. ಬರೆದಿರುವ ವ್ಯಾಟ್‌ನದೇ ಬಲ್ಬ್ ಹಾಕಿ.

ಲೈಟ್ ಹಾಕಿದ್ರೆ ಹಿಂದಿನ ಲೈಟ್ ಜೋರಾಗಿ ಉರಿಯುತ್ತೆ, ಬ್ರೇಕ್ ಹಿಡಿದ್ರೆ ವ್ಯತ್ಯಾಸಾನೇ ಕಾಣಲ್ಲ.

ಬಲ್ಬನ್ನು ತಿರುಗಿಸಿ ಹಾಕಿದ್ದೀರಿ, ಒಳಗಿನ ಟೈಲ್ ತಂತಿ, ಬ್ರೇಕ್ ತಂತಿ ಅದಲುಬದಲಾಗಿವೆ. ಬುಡದ ಎರಡು ಮೊಳೆ ಎತ್ತರದಲ್ಲಿ ಹೆಚ್ಚುಕಡಿಮೆ ಇರುತ್ತವೆ, ಹಳೇ ಹೋಲ್ಡರ್ ಸವೆದಿದ್ದರೆ ಹೇಗೆ ಹಾಕಿದರೂ ಕೂರುತ್ತದೆ.

ಎಲ್‌ಇಡಿ ಇಂಡಿಕೇಟರ್ ಹಾಕಿದ್ಮೇಲೆ ಮಿನುಗೋದೇ ಇಲ್ಲ.

ಹಳೇ ಫ್ಲಾಶರ್ ಒಳಗಿನ ಪಟ್ಟಿ ಬಿಸಿಯಾಗಿ ಬಾಗಿದರೆ ಮಾತ್ರ ಟಿಕ್ ಟಿಕ್ ಅನ್ನುತ್ತದೆ. ಎಲ್‌ಇಡಿ ಎಳೆಯುವ ಕರೆಂಟು ಅದಕ್ಕೆ ಸಾಲದು. ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿ. 6 ವೋಲ್ಟಿಗೆ ಬೇರೆ, 12ಕ್ಕೆ ಬೇರೆ.

ಹೊಸ ಬೈಕುಗಳ ಥರ ಹಗಲೂ ಹೆಡ್‌ಲೈಟ್ ಉರಿಸ್ಬೇಕಾ?

ಆ ನಿಯಮ 2017ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳಿಗೆ. ನಿಮ್ಮ ಡೈನಮೋಗೆ ಆ ಶಿಕ್ಷೆ ಬೇಡ.

## ಚಾರ್ಜಿಂಗ್

ನಿಂತಲ್ಲಿ ಚಾರ್ಜಿಂಗಿನ ಕೆಂಪು ಲೈಟ್ ಉರಿಯುತ್ತೆ, ಆಕ್ಸಿಲರೇಟರ್ ಕೊಟ್ರೆ ಆರುತ್ತೆ. ಭಯ ಪಡಬೇಕಾ?

ಬೇಡ, ಅದು ಹಾಗೇ ಇರಬೇಕು. ಎಂಜಿನ್ ನಿಧಾನಕ್ಕೆ ಓಡುವಾಗ ಡೈನಮೋ ವೋಲ್ಟೇಜ್ ಬ್ಯಾಟರಿಗಿಂತ ಕಡಿಮೆ. ಜೋರಾದಾಗಲೂ ಆರದಿದ್ದರೆ, ಅಥವಾ ಕೀ ಆನ್ ಮಾಡಿದಾಗ ಉರಿಯಲೇ ಇಲ್ಲದಿದ್ದರೆ ಆಗ ನೋಡಬೇಕು.

ಚಾರ್ಜ್ ಆಗ್ತಿದೆಯಾ ಅಂತ ಖಚಿತವಾಗಿ ತಿಳಿಯೋದು ಹೇಗೆ?

ಬ್ಯಾಟರಿ ಕಂಬಗಳ ಮೇಲೆ ಮೀಟರ್ ಇಟ್ಟು ಎಂಜಿನ್ ಏರಿಸಿ. 6 ವೋಲ್ಟ್ ಗಾಡಿಯಲ್ಲಿ 7ರಿಂದ 7.4, 12ರದರಲ್ಲಿ 13.8ರಿಂದ 14.5 ಬರಬೇಕು. ಮೇಲಕ್ಕೇ ಏಳದಿದ್ದರೆ ಚಾರ್ಜ್ ಇಲ್ಲ. 8, 16 ಅಂತ ಹಾರಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಬೇಯುತ್ತಿದೆ. ಬ್ಯಾಟರಿ ನೀರು ಬೇಗ ಬೇಗ ಇಂಗುವುದು ಇದರ ಇನ್ನೊಂದು ಗುರುತು. ಎಂಜಿನ್ ಓಡುವಾಗ ಬ್ಯಾಟರಿ ವೈರು ಕಿತ್ತು ಪರೀಕ್ಷೆ ಮಾಡುವ ಹಳೇ ಚಾಳಿ ಬೇಡ. ವೋಲ್ಟೇಜ್ ಹಾರಿ ಬಲ್ಬು, ರೆಕ್ಟಿಫೈಯರ್ ಎಲ್ಲ ಹೋಗುತ್ತವೆ.

ಡೈನಮೋ ಚಾರ್ಜ್ ಮಾಡ್ತಿಲ್ಲ. ರೀವೈಂಡಿಂಗ್ ಮಾಡಿಸ್ಲಾ?

ಅದು ಕೊನೆಯ ಮಾತು. ಜಾವಾ, ಯೆಜ್ಡಿಯ ಬಲಗಡೆ ಕವರ್ ತೆಗೆಯಿರಿ. ಕಾರ್ಬನ್ ಬ್ರಶ್ಶುಗಳು ಗೂಡಿನಲ್ಲಿ ಸಲೀಸಾಗಿ ಜಾರುತ್ತಿವೆಯಾ? ಸವೆದು ಮೋಟಾಗಿ ಸ್ಪ್ರಿಂಗಿನ ಒತ್ತಡವೇ ಸಿಗದ ಹಾಗಾಗಿದೆಯಾ? ಆರ್ಮೇಚರಿನ, ಅಂದರೆ ಡೈನಮೋದ ತಿರುಗುವ ಭಾಗದ, ತಾಮ್ರದ ಪಟ್ಟಿಗಳು ಕಪ್ಪಗಿದ್ದರೆ ಸೊನ್ನೆ ನಂಬರ್ ಕಾಗದದಿಂದ ಸುತ್ತಲೂ ಹಗುರವಾಗಿ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಪಟ್ಟಿಗಳ ಮಧ್ಯದ ಸಂದಿಯಲ್ಲಿ ಕಾರ್ಬನ್ ಪುಡಿ ತುಂಬಿದ್ದರೆ ಚೂಪಾದ ಕಡ್ಡಿಯಿಂದ ಬಿಡಿಸಿ. ಒಳಗೆಲ್ಲ ಎಣ್ಣೆ ಜಿನುಗಿದ್ದರೆ ಕ್ರ್ಯಾಂಕಿನ ಬಲಗಡೆ ಸೀಲ್ ಹೋಗಿದೆ. ಅದನ್ನು ಹಾಕದೆ ಬರೀ ಬ್ರಶ್ ಹಾಕಿದರೆ ಮೂರು ತಿಂಗಳಿಗೆ ಮತ್ತೆ ಇಲ್ಲೇ ಕೂರುತ್ತೀರಿ.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಡೈನಮೋ ಒಳಗೆ ಉಳಿದಿರಬೇಕಾದ ಅಷ್ಟಿಷ್ಟು ಅಯಸ್ಕಾಂತ ಶಕ್ತಿಯೂ ಆರಿಹೋಗಿರುತ್ತದೆ. ಬ್ಯಾಟರಿಯಿಂದ ಕ್ಷಣಕಾಲ ಕರೆಂಟು ಮುಟ್ಟಿಸಿ ಅದನ್ನು ಎಬ್ಬಿಸಬಹುದು. ಆದರೆ ಎಲ್ಲಿ ಮುಟ್ಟಿಸಬೇಕು ಅನ್ನುವುದು ಡೈನಮೋ ಜಾತಿಯ ಮೇಲೆ ಹೋಗುತ್ತದೆ. ಮೊದಲ ಸಲ ಬಲ್ಲವರ ಕೈಯಲ್ಲೇ ಮಾಡಿಸಿ.

## ಕೈ ಪಳಗಿದವರಿಗೆ

ಫ್ಯೂಸ್ ಹಾಕಿದ ತಕ್ಷಣ ಢಮಾರ್. ಸಿಗರೇಟ್ ಪ್ಯಾಕಿನ ಜರಿ ಸುತ್ತಿ ಓಡಿಸ್ತಿದೀನಿ.

ಇವತ್ತೇ ತೆಗೆಯಿರಿ. ಜರಿ ಸುಡುವುದಿಲ್ಲ, ಅದರ ಬದಲು ಟ್ಯಾಂಕಿನ ಕೆಳಗಿನ ವೈರು ಸುಡುತ್ತದೆ. ಮೇಲಿರುವುದು ಪೆಟ್ರೋಲು.

ಫ್ಯೂಸಿನ ಜಾಗದಲ್ಲಿ ಎರಡು ಕ್ಲಿಪ್ಪಿಗೆ ಅಡ್ಡಲಾಗಿ ಒಂದು ಹೆಡ್‌ಲೈಟ್ ಬಲ್ಬ್ ಜೋಡಿಸಿ. ಎಲ್ಲ ಸ್ವಿಚ್ ಆಫ್ ಇದ್ದರೂ ಅದು ಪೂರ್ತಿ ಉರಿದರೆ ಶಾರ್ಟ್ ಇದೆ. ಈಗ ವೈರಿಂಗನ್ನು ಒಂದು ತುದಿಯಿಂದ ಕೈಯಲ್ಲಿ ಅಲ್ಲಾಡಿಸುತ್ತಾ ಬನ್ನಿ: ಸೀಟಿನ ಕೆಳಗೆ, ಟ್ಯಾಂಕಿನ ಕೆಳಗೆ, ಹ್ಯಾಂಡಲ್ ತಿರುಗುವ ಕುತ್ತಿಗೆ, ಹೆಡ್‌ಲೈಟ್ ಬಟ್ಟಲಿನ ತೂತು. ಎಲ್ಲಿ ಮುಟ್ಟಿದಾಗ ಬಲ್ಬು ಆರುತ್ತದೋ ಅಲ್ಲೇ ಕಳ್ಳ. ಸುಡುವ ಫ್ಯೂಸಿಗೆ ದುಡ್ಡು ಹಾಕದೆ ಎಷ್ಟು ಹೊತ್ತು ಬೇಕಾದರೂ ಹುಡುಕಬಹುದು.

ಪಾಂಡವಪುರದ ಗೆಳೆಯನೊಬ್ಬನ ಗಾಡಿ ಆಲೆಮನೆ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು. ಹೀಗೇ ಹುಡುಕುತ್ತಾ ಟ್ಯಾಂಕ್ ಎತ್ತಿದರೆ ಕೆಳಗೆ ಒಣ ಕಬ್ಬಿನ ಸಿಪ್ಪೆಯ ಗೂಡು, ಒಳಗೆ ಕಣ್ಣು ಬಿಡದ ನಾಲ್ಕು ಇಲಿ ಮರಿ. ಹಳದಿ ವೈರಿನ ಚರ್ಮ ಗೆಣಸು ಸುಲಿದ ಹಾಗೆ ಸುಲಿದಿತ್ತು.

ರಾತ್ರಿ ನಿಲ್ಸಿದ್ರೆ ಬೆಳಿಗ್ಗೆಗೆ ಬ್ಯಾಟರಿ ಖಾಲಿ.

ಕೀ ಆಫ್ ಮಾಡಿ, ನೆಗೆಟಿವ್ ವೈರು ಬಿಚ್ಚಿ, ಕಂಬಕ್ಕೂ ವೈರಿಗೂ ನಡುವೆ ಮೀಟರನ್ನು ಆಂಪಿಯರ್ ಸ್ಥಾನದಲ್ಲಿ ಸೇರಿಸಿ. ಗಡಿಯಾರ, ಅಲಾರಂ ಏನೂ ಇಲ್ಲದ ಹಳೇ ಗಾಡಿಯಲ್ಲಿ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಒಂದೊಂದೇ ವೈರು ಕಳಚುತ್ತಾ ಹೋಗಿ. ಕಟೌಟ್ (ಡೈನಮೋ ನಿಂತಾಗ ಅದನ್ನು ಬ್ಯಾಟರಿಯಿಂದ ಬಿಡಿಸುವ ಸ್ವಿಚ್ಚು) ಅಥವಾ ರೆಕ್ಟಿಫೈಯರ್ ಕಳಚಿದಾಗ ಸೊನ್ನೆಗೆ ಇಳಿಯುವುದೇ ಹೆಚ್ಚು. ಕಟೌಟಿನ ಪಾಯಿಂಟ್ ಅಂಟಿಕೊಂಡರೆ ಬ್ಯಾಟರಿ ಡೈನಮೋದೊಳಕ್ಕೆ ಸೋರುತ್ತದೆ. ನಿಂತ ಗಾಡಿಯ ಡೈನಮೋ ಬೆಚ್ಚಗಿದ್ದರೆ ತಡ ಮಾಡದೆ ಬ್ಯಾಟರಿ ಬಿಚ್ಚಿ.

ರೆಕ್ಟಿಫೈಯರನ್ನು ಮೀಟರಿನ ಡಯೋಡ್ ಸ್ಥಾನದಲ್ಲಿ ನೋಡಿ. ಒಂದು ಕಡೆಗೆ 0.5ರ ಆಸುಪಾಸು ತೋರಿಸಿ, ಕಡ್ಡಿ ಅದಲುಬದಲು ಮಾಡಿದಾಗ ಏನೂ ತೋರಿಸಬಾರದು. ಎರಡೂ ಕಡೆ ತೋರಿಸಿದರೆ ಸೋರುತ್ತಿದೆ.

12 ವೋಲ್ಟಿಗೆ ಮಾಡಿಸ್ಬಿಡ್ಲಾ? ಎಲ್ರೂ ಹೇಳ್ತಾರೆ.

ಅರ್ತ್, ಸ್ವಿಚ್ಚು ಸರಿ ಮಾಡದೆ 12 ಮಾಡಿದರೆ ಹಳೇ ಕಾಯಿಲೆಗೆ ಹೊಸ ಅಂಗಿ ತೊಡಿಸಿದ ಹಾಗೆ. ಬ್ಯಾಟರಿ, ಎಲ್ಲ ಬಲ್ಬು, ಹಾರ್ನು, ಫ್ಲಾಶರು, ಕಾಯಿಲು, ರೆಗ್ಯುಲೇಟರು ಬದಲಾಗಬೇಕು. ಡೈನಮೋ ಅದೇ ಇಟ್ಟುಕೊಂಡು ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಬಹುದು, ಆದರೆ ಎಂಜಿನ್ ಮುಂಚೆಗಿಂತ ಜಾಸ್ತಿ ತಿರುಗಿದ ಮೇಲೇ ಚಾರ್ಜ್ ಶುರುವಾಗುತ್ತದೆ. ದೇವರಾಜ ಮಾರ್ಕೆಟ್ ಸುತ್ತಮುತ್ತ ಸೆಕೆಂಡ್ ಗೇರಿನಲ್ಲಿ ತೆವಳುವವರಿಗೆ ಇದು ಲಾಭ ಇಲ್ಲ. ದಿನಾ ಮಂಡ್ಯ ಮೈಸೂರು ಓಡಾಡುವವರಾದರೆ ಯೋಚಿಸಬಹುದು. ನನ್ನದು ಇನ್ನೂ 6ರಲ್ಲೇ ಇದೆ.

ಪೂರ್ತಿ ವೈರಿಂಗ್ ನಾನೇ ಮಾಡ್ಬೇಕು ಅಂತಿದೀನಿ. ಏನು ಎಚ್ಚರ ಬೇಕು?

ಮನೆ ವೈರಿಂಗಿನ ಒಂಟಿ ಎಳೆಯ ವೈರು ಬೇಡ, ಗಾಡಿಯ ನಡುಕಕ್ಕೆ ಒಳಗೇ ಮುರಿಯುತ್ತದೆ. ತುಂಬಾ ಎಳೆ ಇರುವ ಆಟೋ ವೈರು ತನ್ನಿ. ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಗಡುಸಾಗಿ ತುಂಡಾಗುತ್ತದೆ. ಅದಕ್ಕೆ ಕ್ರಿಂಪ್ ಕಡ್ಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್. ಕರಿ ಟೇಪಿನ ಅಂಟು ನಮ್ಮ ಏಪ್ರಿಲ್ ಬಿಸಿಲಿಗೆ ಕರಗಿ ಜಿಗಟು ಮಾಡುತ್ತದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕುತ್ತಿಗೆಯ ಹತ್ತಿರ ವೈರು ಬಿಗಿಯದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ. ಹಳೇ ವೈರಿಂಗನ್ನು ಕತ್ತರಿಸಿ ಎಸೆಯಬೇಡಿ. ಇಡಿಯಾಗಿ ಬಿಚ್ಚಿ, ಒಂದೊಂದು ತುದಿಗೂ ಚೀಟಿ ಕಟ್ಟಿ, ಜಗುಲಿ ಮೇಲೆ ಗಾಡಿಯ ಆಕಾರಕ್ಕೇ ಹಾಸಿಕೊಂಡು, ಅದರ ಪಕ್ಕದಲ್ಲಿ ಹೊಸದನ್ನು ಅದೇ ಬಣ್ಣದ ವೈರುಗಳಲ್ಲಿ ಅಳತೆಗೆ ಕತ್ತರಿಸುತ್ತಾ ಹೋಗಿ. ಆ ಎರಡು ದಿನ ಮಕ್ಕಳನ್ನೂ ಬೆಕ್ಕನ್ನೂ ಜಗುಲಿಗೆ ಬಿಡಬೇಡಿ.